ಮುಖ ತಾರೆಯದು, ಬಿಲ್ಲು ನಮ್ಮದು

ಹೆಚ್ಚುಕಡಿಮೆ 120 ವರ್ಷ ಚಿನ್ನವನ್ನು ಹೊರಗೆ ಕಳಿಸಿದ ಊರು ಇದು. ಮೈಸೂರು ಮೈನ್, ಚಾಂಪಿಯನ್ ರೀಫ್, ನಂದಿದುರ್ಗ, ಊರಿಗಾಂ, ಕೋರಮಂಡಲ್ ಎಂದು ಹೆಸರು ಹೊತ್ತ ಗಣಿಗಳಿಂದ ಒಟ್ಟು 800 ಟನ್ನಿಗೂ ಮಿಕ್ಕಿ ಬಂಗಾರ ಮೇಲೆ ಬಂತು. ಮೂರು ಕಿಲೋಮೀಟರ್ ಆಳಕ್ಕೆ ಇಳಿದು ಅದನ್ನು ತೆಗೆದವರ ಮನೆಗಳಲ್ಲಿ ಅದು ಉಳಿಯಲಿಲ್ಲ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಈಗ ಕೆಜಿಎಫ್‌ಗೆ ಚಿನ್ನ ಬರುವುದು ಹೊರಗಿನಿಂದ. ಬರುವಾಗ ಜೊತೆಗೊಬ್ಬ ನಟನನ್ನೋ ನಟಿಯನ್ನೋ ಕರೆದುಕೊಂಡೇ ಬರುತ್ತದೆ.

ರಾಬರ್ಟ್‌ಸನ್‌ಪೇಟೆಯ ಅಂಗಡಿ ಸಾಲಿನಲ್ಲಿ, ಬಂಗಾರಪೇಟೆಯ ಬಸ್‌ಸ್ಟ್ಯಾಂಡಿನ ಸುತ್ತ, ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ಎಲ್ಲರ ಕೈಯಲ್ಲೂ ಬೆಳಗುತ್ತಿರುವ ಮೊಬೈಲುಗಳಲ್ಲಿ, ಕತ್ತಿನ ತುಂಬ ಹಾರ ಹಾಕಿಕೊಂಡ ಮುಖಗಳು ಕಾಣುತ್ತವೆ. ಆ ಮುಖಗಳ ಬಗ್ಗೆ ಯಾರನ್ನೇ ಕೇಳಿ, ತಮಿಳಿನಲ್ಲಾಗಲಿ ತೆಲುಗಿನಲ್ಲಾಗಲಿ ಕನ್ನಡದಲ್ಲಾಗಲಿ ಬರುವ ಉತ್ತರ ಒಂದೇ: "ದುಡ್ಡು ಕೊಟ್ಟರೆ ಏನು ಬೇಕಾದರೂ ಹೇಳ್ತಾರೆ ಬಿಡಿ."

ಈ ಮಾತು ನಿಜ. ಆದರೆ ಇಷ್ಟು ಹೇಳಿದ ಮಾತ್ರಕ್ಕೆ ಗ್ರಾಹಕ ಜಾಣನಾಗಿದ್ದಾನೆ, ಇನ್ನು ಅವನನ್ನು ಯಾರೂ ಮೋಸ ಮಾಡಲಾರರು ಎಂದು ನಂಬಿ ಕೂರುತ್ತೇವಲ್ಲ, ಅದು ತಪ್ಪು. ನಮ್ಮ ಅನುಮಾನ ಇರಬೇಕಾದ ಜಾಗದಲ್ಲಿ ಇಲ್ಲ. ಸಿನಿಮಾದವರ ಮುಖದ ಮೇಲೆ ಅದನ್ನೆಲ್ಲ ಖರ್ಚು ಮಾಡಿ ಮುಗಿಸುತ್ತೇವೆ. ಬಿಲ್ಲು ಕೈಗೆ ಬರುವ ಹೊತ್ತಿಗೆ ನಮ್ಮಲ್ಲಿ ಏನೂ ಉಳಿದಿರುವುದಿಲ್ಲ.

ಇನ್ನೂ ನೆನಪಿನಲ್ಲಿರುವ ಒಂದು ಗದ್ದಲವನ್ನು ತೆಗೆದುಕೊಳ್ಳಿ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮೈಸೂರು ಸ್ಯಾಂಡಲ್ ಸಾಬೂನಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳ ಮಟ್ಟಿಗೆ ರಾಯಭಾರಿಯಾಗಿ ನೇಮಿಸಿತು. ಸಂಭಾವನೆ 6.20 ಕೋಟಿ ರೂಪಾಯಿ. ಕನ್ನಡದ ನಟಿಯರು ಇರಲಿಲ್ಲವೇ ಎಂದು ಊರೂರಲ್ಲಿ ಕೂಗೆದ್ದಿತು. ಹೊರ ರಾಜ್ಯಗಳ ಮಾರುಕಟ್ಟೆಗೆ ಹೋಗಬೇಕಾದರೆ ಅಲ್ಲೆಲ್ಲ ಪರಿಚಯವಿರುವ ಮುಖ ಬೇಕು ಎಂದು ಸಚಿವ ಎಂ.ಬಿ. ಪಾಟೀಲರು ಉತ್ತರ ಕೊಟ್ಟರು. ಎರಡೂ ಕಡೆಯವರ ವಾದದಲ್ಲೂ ತೂಕವಿತ್ತು. ಆದರೆ ಇಡೀ ಗದ್ದಲದಲ್ಲಿ, ಈ ನಟಿ ಸಾಬೂನಿನ ಬಗ್ಗೆ ನಮಗೆ ಗೊತ್ತಿಲ್ಲದ ಯಾವ ಸಂಗತಿ ಹೇಳುತ್ತಾರೆ ಎಂದು ಯಾರೂ ಕೇಳಲಿಲ್ಲ. ಕನ್ನಡದ ನಟಿಯಾಗಿದ್ದರೆ ಏನು ಹೇಳುತ್ತಿದ್ದರು ಎಂದೂ ಕೇಳಲಿಲ್ಲ. ನೂರಕ್ಕೂ ಹೆಚ್ಚು ವರ್ಷಗಳಿಂದ ಕರ್ನಾಟಕದ ಬಚ್ಚಲುಮನೆಗಳಲ್ಲಿರುವ ಸಾಬೂನಿನ ಬಗ್ಗೆ ಹೇಳುವುದಕ್ಕೆ ಹೊಸದೇನೂ ಇಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಮುಖದಿಂದ ಮಾಹಿತಿ ಬರುತ್ತದೆಂಬ ನಿರೀಕ್ಷೆಯನ್ನು ಮಾರುವವರೂ ಕೊಳ್ಳುವವರೂ ಎಂದೋ ಬಿಟ್ಟಿದ್ದಾರೆ.

ಹಾಗಾದರೆ ಕೋಟಿಗಟ್ಟಲೆ ಹಣ ಯಾವುದಕ್ಕೆ? ನೆನಪಿಗೆ. 1941ರಲ್ಲಿ ಲಕ್ಸ್ ಸಾಬೂನಿನ ಜಾಹೀರಾತಿನಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ನಟಿ ಲೀಲಾ ಚಿಟ್ನಿಸ್, ಧಾರವಾಡದಲ್ಲಿ ಹುಟ್ಟಿದವರು. ಅಂದಿನಿಂದ ಇಂದಿನವರೆಗೆ ಈ ವ್ಯವಹಾರದ ಲೆಕ್ಕ ಬದಲಾಗಿಲ್ಲ. ಜನ ನಂಬಲಿ ಎಂದು ಯಾರೂ ತಾರೆಗೆ ದುಡ್ಡು ಕೊಡುವುದಿಲ್ಲ, ಅಂಗಡಿಯವನು "ಯಾವುದು ಕೊಡಲಿ?" ಎಂದು ಕೇಳಿದ ಕ್ಷಣದಲ್ಲಿ ಒಂದು ಹೆಸರು ಬಾಯಿಗೆ ಬರಲಿ ಎಂದು ಕೊಡುತ್ತಾರೆ. ಆ ಕ್ಷಣದಲ್ಲಿ ನಮ್ಮ ಅಪನಂಬಿಕೆ ಕೆಲಸಕ್ಕೆ ಬರುವುದಿಲ್ಲ. "ಅವರೇನು ಆ ಅಂಗಡಿಯಲ್ಲಿ ಒಡವೆ ತಗೊಳ್ತಾರಾ?" ಎಂದು ನಕ್ಕವರೇ ಮಗಳ ಮದುವೆಗೆ ಸರ ನೋಡಲು ಮೊದಲು ಹತ್ತುವುದು ಅದೇ ಅಂಗಡಿಯ ಮೆಟ್ಟಿಲು. ನಂಬದೆಯೂ ಪ್ರಭಾವಕ್ಕೆ ಒಳಗಾಗಬಹುದು ಎಂಬ ಈ ಸರಳ ಸತ್ಯವನ್ನು ಒಪ್ಪಿಕೊಳ್ಳದಿದ್ದರೆ ಮುಂದಿನ ಮಾತೆಲ್ಲ ವ್ಯರ್ಥ.

ಹಾಗೆಂದು ನಮ್ಮ ಜನ ಯಾವ ಮುಖವನ್ನೂ ನಂಬದವರೇನಲ್ಲ. ಡಾ. ರಾಜ್‌ಕುಮಾರ್ ತಮ್ಮ ಹೆಸರನ್ನು ಕೊಟ್ಟದ್ದು ನಂದಿನಿ ಹಾಲಿಗೆ, ಸಂಭಾವನೆ ಪಡೆಯದೆ. ಪುನೀತ್ ರಾಜ್‌ಕುಮಾರ್ ಅದನ್ನು ಹಾಗೆಯೇ ಮುಂದುವರಿಸಿದರು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವ ಹೆಂಗಸರಿಗೆ ಆ ಪ್ಯಾಕೆಟ್ಟಿನಲ್ಲಿ ಏನಿದೆ ಎಂದು ಯಾವ ನಟನೂ ಹೇಳಬೇಕಾಗಿಲ್ಲ. ಫ್ಯಾಟ್ ಎಷ್ಟು, ಲೀಟರಿಗೆ ಎಷ್ಟು ಬಂತು ಎಂಬುದು ಅವರಿಗೇ ಗೊತ್ತು. ಆದರೂ ಪುನೀತ್ ಅವರ ಚಿತ್ರ ಅಲ್ಲಿ ಗೌರವದಿಂದ ಕಾಣುತ್ತದೆ, ಏಕೆಂದರೆ ಆ ಮುಖ ಮತ್ತು ಆ ಹಾಲಿನ ನಡುವೆ ದುಡ್ಡಿನ ವ್ಯವಹಾರ ಇರಲಿಲ್ಲ. ಅದೇ ಪುನೀತ್ ಚಿನ್ನದ ಮೇಲೆ ಸಾಲ ಕೊಡುವ ಮಣಪ್ಪುರಂ ಕಂಪನಿಯ ಜಾಹೀರಾತಿನಲ್ಲೂ ಇದ್ದರು. ಅವರ ಮೇಲಿನ ಪ್ರೀತಿಗೆ ಅದರಿಂದ ಏನೂ ಕುಂದಾಗಲಿಲ್ಲ. ಆದರೆ ಒಡವೆ ಅಡವಿಡಲು ಹೋದವರು ಬಡ್ಡಿ ಎಷ್ಟು, ಗ್ರಾಂಗೆ ಎಷ್ಟು ಕೊಡುತ್ತೀರಿ ಎಂದು ಕೇಳುವುದನ್ನು ಬಿಡಲೂ ಇಲ್ಲ. ಜನ ಒಬ್ಬನೇ ಮನುಷ್ಯನ ಎರಡು ಮಾತುಗಳನ್ನು ಬೇರೆ ಬೇರೆ ತಕ್ಕಡಿಯಲ್ಲಿ ತೂಗಬಲ್ಲರು. 2022ರಲ್ಲಿ ಯಶ್ ಪಾನ್ ಮಸಾಲಾ ಕಂಪನಿಯ ಕೋಟಿಗಳನ್ನು ಬೇಡವೆಂದರು. ಅದೇ ವರ್ಷ ಅಕ್ಷಯ್ ಕುಮಾರ್ ಅಂಥದೇ ಒಂದು ಬ್ರಾಂಡಿನ ಏಲಕ್ಕಿ ಜಾಹೀರಾತಿನಿಂದ ಅಭಿಮಾನಿಗಳ ಕ್ಷಮೆ ಕೇಳಿ ಹೊರಬಂದರು. ಈ ಊರಿನ ಸೈನೈಡ್ ದಿಬ್ಬಗಳ ಮೇಲೆ ಚಿತ್ರೀಕರಣವಾದ ಸಿನಿಮಾದ ನಾಯಕ ಯಶ್ ಬೇಡವೆಂದ ಸುದ್ದಿಯನ್ನು ಇಲ್ಲಿನವರು ಮೆಚ್ಚಿಕೊಂಡರೆ ಅದು ಬರೀ ಅಭಿಮಾನವಲ್ಲ. ಏನನ್ನು ಮಾರಬಾರದು ಎಂದು ತಾರೆಗೆ ಗೊತ್ತಿರಬೇಕು ಎಂಬ ನಿರೀಕ್ಷೆ ಅದರಲ್ಲಿದೆ.

ಹಾಗಾಗಿ ನಂಬಿಕೆಯೇ ಕೆಟ್ಟದ್ದು, ಅನುಮಾನವೇ ಒಳ್ಳೆಯದು ಎಂಬ ಹಂಚಿಕೆ ನನಗೆ ಒಪ್ಪಿಗೆಯಿಲ್ಲ. ನಾವು ಕೇಳಬೇಕಾದ್ದು ಬೇರೆ: ಈ ಮಾತು ಸುಳ್ಳಾದರೆ ನನಗೆ ಉತ್ತರ ಕೊಡುವವರು ಯಾರು?

ಈ ಪ್ರಶ್ನೆಯನ್ನು ಹಿಡಿದುಕೊಂಡು ಒಂದು ಒಡವೆ ಅಂಗಡಿಯ ಬಿಲ್ಲನ್ನು ಓದೋಣ. ಜಾಹೀರಾತಿನಲ್ಲಿ ತಾರೆ ಹೇಳುವುದು "ಗ್ರಾಂಗೆ 100 ರೂಪಾಯಿ ಕಡಿಮೆ". ನೀವು 20 ಗ್ರಾಂ ಸರ ಆರಿಸುತ್ತೀರಿ. ಲೆಕ್ಕಕ್ಕೆ ಸುಲಭವಾಗಲೆಂದು ಗ್ರಾಂಗೆ 10,000 ರೂಪಾಯಿ ಎಂದು ಹಿಡಿಯೋಣ. ನಿಮಗಾದ ಉಳಿತಾಯ 2,000 ರೂಪಾಯಿ. ಬಿಲ್ಲಿನಲ್ಲಿ ಮುಂದಿನ ಸಾಲು ವೇಸ್ಟೇಜ್. ಕೆಜಿಎಫ್‌ನ ತಮಿಳು ಮನೆಗಳಲ್ಲಿ ಇದನ್ನು ಸೇದಾರಂ ಅನ್ನುತ್ತಾರೆ. ಒಡವೆ ಮಾಡುವಾಗ ಅರದಲ್ಲಿ, ಬೆಂಕಿಯಲ್ಲಿ ಕಳೆದುಹೋಗುವ ಚಿನ್ನದ ಬಾಬ್ತು ಇದು. ಅಕ್ಕಸಾಲಿಗ ಕೈಯಲ್ಲಿ ಮಾಡುತ್ತಿದ್ದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಯಂತ್ರದಲ್ಲಿ ಸಾವಿರಗಟ್ಟಲೆ ಒಂದೇ ಅಚ್ಚಿನಲ್ಲಿ ಬರುವ ಸರಕ್ಕೂ ಅದು ಮುಂದುವರಿದಿದೆ. ಒಂದು ಅಂಗಡಿಯಲ್ಲಿ ಅದು ನೂರಕ್ಕೆ 10, ಇನ್ನೊಂದರಲ್ಲಿ 14 ಎಂದುಕೊಳ್ಳಿ. ನಾಲ್ಕು ಪರ್ಸೆಂಟಿನ ಆ ವ್ಯತ್ಯಾಸ ಎಂದರೆ 0.8 ಗ್ರಾಂ, ಅಂದರೆ 8,000 ರೂಪಾಯಿ. ನಿಮ್ಮ ಮನೆಗೆ ಎಂದೂ ಬಾರದ ಆ ಚಿನ್ನದ ಬೆಲೆಯ ಮೇಲೆ ಜಿಎಸ್‌ಟಿಯನ್ನೂ ನೀವೇ ಕಟ್ಟುತ್ತೀರಿ. ಜಾಹೀರಾತು ಕೊಟ್ಟ 2,000 ರೂಪಾಯಿಯನ್ನು ಬಿಲ್ಲಿನ ಒಂದು ಸಾಲು ನಾಲ್ಕು ಪಟ್ಟಾಗಿ ವಾಪಸು ತೆಗೆದುಕೊಂಡಿತು. ಇಲ್ಲಿ ಎಲ್ಲೂ ಸುಳ್ಳಿಲ್ಲ. ಗ್ರಾಂಗೆ 100 ಕಡಿಮೆ ಎಂದದ್ದೂ ನಿಜವೇ. ತಾರೆಯನ್ನು ಅನುಮಾನಿಸಿ ಏನು ಪ್ರಯೋಜನ?

ಕಲ್ಲಿನ ಒಡವೆಯಾದರೆ ಇನ್ನೊಂದು ಸಾಲಿದೆ: ಒಟ್ಟು ತೂಕ, ಕಲ್ಲಿನ ತೂಕ, ನಿವ್ವಳ ತೂಕ. ಕಲ್ಲನ್ನು ಚಿನ್ನದ ಬೆಲೆಗೆ ತೂಗಿಬಿಟ್ಟರೆ ಗಾಜಿಗೆ ಚಿನ್ನದ ದುಡ್ಡು ಕೊಟ್ಟಂತಾಯಿತು. ಈ ಮೂರು ಅಂಕಿಗಳನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳದೆ ಎದ್ದು ಬರುವವರು ಎಷ್ಟೋ ಮಂದಿ. ಅವರಲ್ಲಿ ಓದು ಬರಹ ಬಲ್ಲವರೇ ಹೆಚ್ಚು. ಓದು ಬಾರದ ಅಜ್ಜಿಯರು ಅಂಗಡಿಯವನಿಂದ ಬಾಯಿಬಿಡಿಸಿಯೇ ಏಳುತ್ತಾರೆ.

ಶುದ್ಧತೆಯ ವಿಷಯದಲ್ಲಿ ಮಾತ್ರ ಕಾಲ ಬದಲಾಗಿದೆ, ಒಳ್ಳೆಯದಕ್ಕೇ ಬದಲಾಗಿದೆ. 2021ರ ಜೂನ್ 16ರಿಂದ ಮೊದಲ ಹಂತದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಮಾಡಿದ ಒಡವೆಯ ಮೇಲೆ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ ಗುರುತು ಇರಲೇಬೇಕು. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಆರನ್ನು ಒತ್ತಿದರೆ ಒಡವೆ ಯಾವುದು, ಎಷ್ಟು ಶುದ್ಧ, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು ಎಂಬುದು ಬರುತ್ತದೆ. 22 ಕ್ಯಾರೆಟ್ ಎಂದು 916ರ ಮುದ್ರೆ ಹೊತ್ತ ಒಡವೆಯಲ್ಲಿ ಅಷ್ಟು ಚಿನ್ನವಿಲ್ಲವೆಂದು ತಿಳಿದುಬಂದರೆ, ಕೊರತೆಯಾದ ಮೌಲ್ಯದ ಎರಡರಷ್ಟನ್ನು ಮಾರಿದವನು ಪರಿಹಾರವಾಗಿ ಕೊಡಬೇಕೆಂದು ನಿಯಮವಿದೆ. ಉತ್ತರ ಕೊಡುವವರು ಯಾರು ಎಂಬ ಪ್ರಶ್ನೆಗೆ ಇಲ್ಲಿ ನೇರ ಉತ್ತರ ಸಿಗುತ್ತದೆ. ಯಾವ ತಾರೆಯ ಮುಗುಳುನಗೆಗಿಂತಲೂ ಈ ಆರು ಅಕ್ಷರಗಳು ಹೆಚ್ಚು ಬೆಲೆಬಾಳುತ್ತವೆ. ಆದರೂ ಇಷ್ಟು ದೊಡ್ಡ ಬದಲಾವಣೆಯನ್ನು ಹೇಳುವ ಜಾಹೀರಾತು ಹಬ್ಬದ ದಿನಗಳಲ್ಲಿ ಎಷ್ಟು ಕಾಣುತ್ತದೆ, ತಾರೆಯರ ಮುಖ ಎಷ್ಟು ಕಾಣುತ್ತದೆ, ನೀವೇ ಹೋಲಿಸಿ ನೋಡಿ.

ಗಣಿಯ ಊರಿಗೆ ಈ ಪಾಠ ಹೊಸದಲ್ಲ. 1880ರ ಸುಮಾರಿಗೆ ವಯನಾಡಿನಲ್ಲಿ ಚಿನ್ನವಿದೆ ಎಂದು ಲಂಡನ್ ಮಾರುಕಟ್ಟೆಯಲ್ಲಿ ಹುಚ್ಚು ಹತ್ತಿತು. ಆಸ್ಟ್ರೇಲಿಯಾದಿಂದ ಬಂದ ಬ್ರಫ್ ಸ್ಮಿತ್ ಎಂಬ ಹೆಸರಾಂತ ತಜ್ಞನ ವರದಿ ಆ ಹುಚ್ಚಿಗೆ ತುಪ್ಪ ಸುರಿಯಿತು. ಮೂವತ್ತಕ್ಕೂ ಹೆಚ್ಚು ಕಂಪನಿಗಳು ಹುಟ್ಟಿ, ಷೇರು ಮಾರಿ, ಕೆಲವೇ ವರ್ಷಗಳಲ್ಲಿ ಹೇಳಹೆಸರಿಲ್ಲದಂತೆ ಹೋದವು. ಅದೇ ಹೊತ್ತಿನಲ್ಲಿ ಶುರುವಾದ ಕೋಲಾರದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯೂ ಮುಳುಗುವ ಹಂತಕ್ಕೆ ಬಂದಿತ್ತು. ಕೈಯಲ್ಲಿದ್ದ ಕೊನೆಯ ಹಣವನ್ನು ಜಾನ್ ಟೇಲರ್ ಕಂಪನಿ ನೆಲ ಅಗೆಯುವುದಕ್ಕೇ ಹಾಕಿಸಿತು. ಕ್ಯಾಪ್ಟನ್ ಪ್ಲಮರ್ ಹಳೆಯ ಗುಂಡಿಗಳ ಜಾಡು ಹಿಡಿದು ಚಾಂಪಿಯನ್ ಲೋಡ್ ಎಂಬ ಅದಿರಿನ ಪಟ್ಟಿಯನ್ನು ತಲುಪಿದ. ವಯನಾಡಿನ ಷೇರು ಕೊಂಡವರು ದೊಡ್ಡ ಹೆಸರನ್ನು ನಂಬಿದ್ದರು. ಕೋಲಾರ ಉಳಿದದ್ದು ಅದಿರನ್ನು ಒಡೆದು, ಪರೀಕ್ಷೆ ಮಾಡಿ, ಟನ್ನಿಗೆ ಎಷ್ಟು ಎಂದು ಬರೆದಿಟ್ಟ ಲೆಕ್ಕದಿಂದ. ನಮ್ಮ ಅಜ್ಜಂದಿರ ಕಾಲದಲ್ಲಿ ಪಾಳಿ ಮುಗಿಸಿ ಮೇಲೆ ಬಂದ ಕೂಲಿಕಾರನನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿ ಕಳಿಸುತ್ತಿದ್ದರು. ಚಿನ್ನದ ವಿಷಯದಲ್ಲಿ ಕಂಪನಿ ತನ್ನ ಆಳನ್ನು ನಂಬಲಿಲ್ಲ. ಗ್ರಾಹಕ ಮಾತ್ರ ಕಂಪನಿಯನ್ನು ಕಣ್ಣುಮುಚ್ಚಿ ನಂಬಬೇಕೆಂದರೆ ಹೇಗೆ?

ನಂಬಿಕೆ ನಿಜವಾಗಿ ಮುರಿದುಬಿದ್ದಾಗ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಾಗಿಲ್ಲ. ತಿಂಗಳು ತಿಂಗಳು ಕಟ್ಟಿ ಕೊನೆಗೆ ಒಡವೆ ತೆಗೆದುಕೊಳ್ಳುವ ಚಿನ್ನದ ಸ್ಕೀಮ್‌ಗಳು ಕೂಲಿ ಮಾಡುವ ಮನೆಗಳಿಗೂ ಬಂದಿವೆ. ಇವು ಹೆಚ್ಚಾಗಿ ಹನ್ನೊಂದು ತಿಂಗಳಿಗೆ ನಿಲ್ಲುವುದು ವರ್ಷ ದಾಟಿದರೆ ಕಂಪನಿಗಳಿಗೆ ಠೇವಣಿಯ ನಿಯಮಗಳು ಅನ್ವಯವಾಗುತ್ತವೆಂಬ ಕಾರಣಕ್ಕೆ. ಬಹುಪಾಲು ಅಂಗಡಿಗಳು ಮಾತು ಉಳಿಸಿಕೊಳ್ಳುತ್ತವೆ. ಆದರೆ 2023ರಲ್ಲಿ ತಿರುಚಿರಾಪಳ್ಳಿಯ ಪ್ರಣವ್ ಜ್ಯುವೆಲರ್ಸ್ ಚಿನ್ನದ ಹೂಡಿಕೆಯ ಹೆಸರಿನಲ್ಲಿ ಸುಮಾರು 100 ಕೋಟಿ ರೂಪಾಯಿ ವಂಚಿಸಿದ ಆರೋಪಕ್ಕೆ ಸಿಕ್ಕಿತು. ಅದರ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿದ್ದ ನಟ ಪ್ರಕಾಶ್ ರಾಜ್ ಅವರನ್ನು ಜಾರಿ ನಿರ್ದೇಶನಾಲಯ ವಿಚಾರಣೆಗೆ ಕರೆಯಿತು. ನಟನ ಮೇಲೆ ವಂಚನೆಯ ಆರೋಪವಿರಲಿಲ್ಲ, ಅವರನ್ನು ದೂರುವುದು ನನ್ನ ಉದ್ದೇಶವೂ ಅಲ್ಲ. ಆದರೆ ದುಡ್ಡು ಕಳೆದುಕೊಂಡವರ ಕಣ್ಣಮುಂದೆ ಇದ್ದದ್ದು ಆ ಮುಖ. ಅಂಗಡಿಯ ಮಾಲೀಕ ಯಾರೆಂದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತೋ.

2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಎಂಬ ಹೂಡಿಕೆ ಸಂಸ್ಥೆ ಮುಳುಗಿದಾಗ ಕಂಡದ್ದು ಇನ್ನೂ ಕಠಿಣವಾದ ಪಾಠ. ಅಲ್ಲಿ ಜನರನ್ನು ಸೆಳೆಯಲು ಸಿನಿಮಾದವರು ಬೇಕಾಗಲಿಲ್ಲ. ಹಲಾಲ್ ಹೂಡಿಕೆ ಎಂಬ ಮಾತು, ಸಮುದಾಯದೊಳಗಿನ ಪರಿಚಯ, ಪಕ್ಕದ ಮನೆಯವರಿಗೆ ತಿಂಗಳು ತಿಂಗಳು ಬಂದ ಲಾಭ, ಇವಿಷ್ಟೇ ಸಾವಿರಾರು ಮನೆಗಳ ಉಳಿತಾಯವನ್ನು ಎಳೆದುಕೊಂಡವು. ನಮ್ಮವರು ಅನ್ನಿಸುವವರ ಮುಂದೆ ಅನುಮಾನ ತಲೆ ಎತ್ತುವುದೇ ಇಲ್ಲ.

ಇತ್ತೀಚಿನ ವರ್ಷಗಳಲ್ಲಿ ಅಂಗಡಿಗಳು ಕಲಿತಿರುವುದು ಇದನ್ನೇ. ತಾರೆಯನ್ನು ಜನ ಅನುಮಾನಿಸುತ್ತಾರೆ, ಸರಿ, ಹಾಗಾದರೆ ಪಕ್ಕದ ಮನೆಯ ಹುಡುಗಿಯನ್ನು ಕರೆಯೋಣ. ಅವಳು ಮೊಬೈಲು ಹಿಡಿದು ಸೀರೆ ಅಂಗಡಿಗೆ ಬರುತ್ತಾಳೆ. "ಹಾಯ್ ಫ್ರೆಂಡ್ಸ್, ಇವತ್ತು ನಿಮಗೋಸ್ಕರ ಒಂದು ಹೋಲ್‌ಸೇಲ್ ಅಂಗಡಿ ಹುಡುಕಿಕೊಂಡು ಬಂದಿದ್ದೀನಿ" ಎಂದು ಶುರುಮಾಡುತ್ತಾಳೆ. ನಮ್ಮದೇ ಭಾಷೆ, ನಮ್ಮದೇ ಕೋಲಾರದ ಕಡೆಯ ಧಾಟಿ, ಅರ್ಧ ತಮಿಳು ಅರ್ಧ ಕನ್ನಡ. ಅಂಗಡಿಯಣ್ಣ ಒಂದೊಂದೇ ಸೀರೆ ಬಿಚ್ಚಿ ಹಾಸುತ್ತಾನೆ, ಅವಳು ಬೆಲೆ ಕೇಳಿ ಬೆರಗಾಗುತ್ತಾಳೆ. ಆ ಬೆರಗಿಗೆ ಅವಳಿಗೆ ಎಷ್ಟು ಸಂದಿದೆ ಎಂಬುದು ವಿಡಿಯೊದಲ್ಲಿಲ್ಲ. ಇದ್ದರೂ ಕೆಳಗೆಲ್ಲೋ ಹ್ಯಾಶ್‌ಟ್ಯಾಗುಗಳ ರಾಶಿಯಲ್ಲಿ ಇಂಗ್ಲಿಷಿನ ಎರಡಕ್ಷರವಾಗಿ ಇರುತ್ತದೆ. ಇಡೀ ಮಾತು ನಮ್ಮ ನುಡಿಯಲ್ಲಿ, ಎಚ್ಚರಿಕೆ ಮಾತ್ರ ಬೇರೆ ನುಡಿಯಲ್ಲಿ.

ಮುಂದಿನದನ್ನು ಗಮನಿಸಿ. ಬೆಲೆ ಎಷ್ಟೆಂದು ಕಮೆಂಟಿನಲ್ಲಿ ಕೇಳಿದರೆ "ಡಿಎಂ ಮಾಡಿ ಮೇಡಂ", ಅಂದರೆ ಖಾಸಗಿಯಾಗಿ ಮೆಸೇಜು ಕಳಿಸಿ, ಎಂಬ ಉತ್ತರ. ಎಲ್ಲರ ಎದುರು ಬೆಲೆ ಹೇಳಿದರೆ ಪಕ್ಕದ ಅಂಗಡಿಯವನಿಗೆ ತಿಳಿಯುತ್ತದೆ ಎಂಬುದು ಅವರ ಸಮರ್ಥನೆ. ಆದರೆ ಒಬ್ಬೊಬ್ಬರಿಗೆ ಒಂದೊಂದು ಬೆಲೆ ಹೇಳುವುದಕ್ಕೂ ಅದೇ ದಾರಿ. ನಮ್ಮ ಬಳಗದ ಹೆಣ್ಣುಮಗಳೊಬ್ಬಳು ಹೀಗೆ ಒಂದು ಪೇಜಿನಿಂದ ರೇಷ್ಮೆ ಎಂದು ತರಿಸಿಕೊಂಡ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು. ಫೋಟೊ ಹಾಕಿ ಕಮೆಂಟಿನಲ್ಲಿ ಕೇಳಿದಳು. ಕಮೆಂಟು ಮಾಯವಾಯಿತು. ಮತ್ತೆ ಬರೆದಳು, ಅವಳನ್ನೇ ಬ್ಲಾಕ್ ಮಾಡಿದರು. ಆ ವಿಡಿಯೊದ ಕೆಳಗೆ ಇವತ್ತಿಗೂ ಉಳಿದಿರುವುದು ಹೃದಯದ ಚಿಹ್ನೆಗಳು, "ಸೂಪರ್ ಕಲೆಕ್ಷನ್" ಎಂಬ ಹೊಗಳಿಕೆಗಳು. ಅದನ್ನು ನೋಡುವ ಹೊಸಬಳಿಗೆ, ಕೊಂಡವರೆಲ್ಲ ಖುಷಿಯಾಗಿದ್ದಾರೆ ಎಂದು ಕಾಣುತ್ತದೆ. ತಾರೆಯ ಜಾಹೀರಾತಿನಲ್ಲಿ ಮಾತಾಡುವವರು ಒಬ್ಬರು, ಕೇಳುವವರು ಎಲ್ಲರೂ ಎಂಬುದಾದರೂ ಸ್ಪಷ್ಟವಿತ್ತು. ಇಲ್ಲಿ ಎಲ್ಲರೂ ಮಾತಾಡುತ್ತಿದ್ದಾರೆ ಎಂಬ ಭ್ರಮೆ ಹುಟ್ಟಿಸಿ, ಬೇಡದ ದನಿಯನ್ನು ಹಿಂದಿನಿಂದ ಅಳಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಕೋಟಿ ಕೊಟ್ಟು ತಾರೆಯನ್ನು ತರುವುದಕ್ಕಿಂತ ಇದು ದೊಡ್ಡ ಅಪರಾಧ.

ಇದರ ಬೆನ್ನಿಗೇ ಬೇರೆ ಅಭ್ಯಾಸಗಳಿವೆ. ಗೂಗಲ್‌ನಲ್ಲಿ ಐದು ಸ್ಟಾರ್ ಕೊಟ್ಟು ತೋರಿಸಿದರೆ ಬಿಲ್ಲಿನಲ್ಲಿ ರಿಯಾಯಿತಿಯೋ ಒಂದು ಪರ್ಸೋ ಸಿಗುತ್ತದೆ. ಮೂವರು ಗೆಳತಿಯರನ್ನು ಟ್ಯಾಗ್ ಮಾಡಿದರೆ ಲಕ್ಕಿ ಡ್ರಾ, ಗೆದ್ದವರು ಯಾರೆಂದು ಗೊತ್ತಾಗುವುದೇ ಇಲ್ಲ. "ಇವತ್ತೇ ಕೊನೇ ದಿನ" ಎಂಬ ಬ್ಯಾನರು ಮುಂದಿನ ತಿಂಗಳೂ ಇರುತ್ತದೆ. ಪಾರ್ಸೆಲ್ ಬಿಚ್ಚುವ ವಿಡಿಯೊ ಇಲ್ಲದಿದ್ದರೆ ವಾಪಸು ಇಲ್ಲ ಎಂಬ ಷರತ್ತು ಹಣ ಕಟ್ಟಿದ ಮೇಲೆ ತಿಳಿಯುತ್ತದೆ.

ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂದಾಗ ಮೊದಲ ಬಾರಿಗೆ ಜಾಹೀರಾತಿನಲ್ಲಿ ಶಿಫಾರಸು ಮಾಡುವವರನ್ನೂ ಹೊಣೆ ಮಾಡಿತು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ, ಮತ್ತೆ ಮಾಡಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಒಂದು ವರ್ಷ, ಮರುಕಳಿಸಿದರೆ ಮೂರು ವರ್ಷದವರೆಗೆ ಯಾವ ಜಾಹೀರಾತಿನಲ್ಲೂ ಕಾಣಿಸಿಕೊಳ್ಳದಂತೆ ತಡೆಯಬಹುದು. ಕೋಟಿಗಳಲ್ಲಿ ದುಡಿಯುವವರಿಗೆ 10 ಲಕ್ಷ ಲೆಕ್ಕಕ್ಕಿಲ್ಲ. ಒಂದು ವರ್ಷದ ನಿಷೇಧವೇ ನಿಜವಾದ ಅಂಕುಶ, ಅದನ್ನು ಬಳಸುವ ಧೈರ್ಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬರಬೇಕು. ಹೇಳಿದ್ದನ್ನು ಮೊದಲೇ ಪರಿಶೀಲಿಸಿದ್ದೆ ಎಂದು ತೋರಿಸಿದರೆ ತಾರೆಗೆ ದಂಡವಿಲ್ಲ. ಅದು ನ್ಯಾಯವೂ ಹೌದು, ಏಕೆಂದರೆ ತಾರೆ ಒಂದಾದರೂ ಪ್ರಶ್ನೆ ಕೇಳಿ ಸಹಿ ಹಾಕುವಂತಾಗಬೇಕೆಂಬುದೇ ಇಲ್ಲಿನ ಉದ್ದೇಶ. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ, ಶಿಫಾರಸು ಮಾಡುವವರ ಮಾತು ಅವರ ನಿಜವಾದ ಅಭಿಪ್ರಾಯವಾಗಿರಬೇಕು, ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕು ಎನ್ನುತ್ತದೆ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು ಎಂದೂ ಹೇಳುತ್ತದೆ. 2023ರ ಜನವರಿಯಲ್ಲಿ ರೀಲ್ಸ್ ಮಾಡುವವರಿಗೂ ಪ್ರತ್ಯೇಕ ಸೂಚನೆ ಬಂತು. ದುಡ್ಡು, ಉಡುಗೊರೆ, ರಿಯಾಯಿತಿ ಏನೇ ಪಡೆದಿದ್ದರೂ ಅದನ್ನು ಎದ್ದುಕಾಣುವಂತೆ ಹೇಳಲೇಬೇಕು. 2024ರ ಮೇ ತಿಂಗಳಲ್ಲಿ ಪತಂಜಲಿ ಪ್ರಕರಣದ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟು, ಸುಳ್ಳು ಜಾಹೀರಾತಿಗೆ ಮುಖ ಕೊಟ್ಟವರೂ ಸಮಾನ ಹೊಣೆಗಾರರು ಎಂದಿತು.

ಆದರೂ ಬಂಗಾರಪೇಟೆಯ ಒಬ್ಬ ತಾಯಿಗೆ ಇದು ಯಾವುದೂ ತಲುಪಿಲ್ಲ. ಅವಳಿಗೆ ತಲುಪಬೇಕಾದ ಅಂಶಗಳು ಬಹಳ ಸಣ್ಣವು. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸು ತೆಗೆದುಕೊಳ್ಳಲು ಅಂಗಡಿ ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ. ಗೋಡೆಯ ಮೇಲಿನ "ಮಾರಿದ ಮಾಲು ವಾಪಸಿಲ್ಲ" ಎಂಬ ಬರಹಕ್ಕೆ ಕಾನೂನಿನ ಮುಂದೆ ಬೆಲೆಯಿಲ್ಲ. 1915ಕ್ಕೆ ಫೋನು ಮಾಡಿದರೆ ದೂರು ದಾಖಲಾಗುತ್ತದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯಾದರೆ ಗ್ರಾಹಕ ಆಯೋಗಕ್ಕೆ ಶುಲ್ಕ ಕಟ್ಟದೆ ದೂರು ಕೊಡಬಹುದು. ಬಿಲ್ಲು ಇರಬೇಕು, ಅಷ್ಟೆ. ಡಿಎಂ ವ್ಯಾಪಾರದಲ್ಲಿ ಸಿಗದಿರುವುದು ಅದೊಂದೇ.

ಇಷ್ಟೆಲ್ಲ ಕಟ್ಟುನಿಟ್ಟು ಮಾಡಿದರೆ ಸಣ್ಣ ವ್ಯಾಪಾರಿ ಬದುಕುವುದು ಹೇಗೆ ಎಂಬ ಆಕ್ಷೇಪಣೆ ಇದೆ. ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಗಣಿ ಮುಚ್ಚಿದ ಮೇಲೆ ಈ ಊರಿನ ಎಷ್ಟೋ ಮನೆಗಳು ನಿಂತದ್ದು ಹೆಂಗಸರ ಕೈಯಿಂದ. ಗಂಡಸರು ರೈಲು ಹಿಡಿದು ಬೆಂಗಳೂರಿಗೆ ಹೋದರೆ, ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ ಕುಳಿತ ಹೆಂಗಸರು ನೈಟಿ, ಸೀರೆ, ಮಸಾಲೆಪುಡಿ ಮಾರಿ ಮಕ್ಕಳ ಫೀಸು ಕಟ್ಟಿದರು, ಈಗಲೂ ಕಟ್ಟುತ್ತಿದ್ದಾರೆ. ಅವರಿಗೆ ವಾಟ್ಸಾಪ್ ಸ್ಟೇಟಸ್ಸೇ ಅಂಗಡಿಯ ಗಾಜಿನ ಕಪಾಟು. ಆದರೆ ಅವರ ಸ್ಟೇಟಸ್ ನೋಡಿ: ಸೀರೆಯ ಚಿತ್ರದ ಮೇಲೇ ಬೆಲೆ ಬರೆದಿರುತ್ತದೆ. ಬಣ್ಣ ಬಿಟ್ಟರೆ ಕೊಂಡವಳು ಮನೆ ಬಾಗಿಲಿಗೇ ಹೋಗಿ "ಅಕ್ಕಾ, ಇದೇನಕ್ಕಾ ಹೀಗಾಯ್ತು" ಎಂದು ಕೇಳುತ್ತಾಳೆ, ಅಕ್ಕ ಬದಲಾಯಿಸಿ ಕೊಡುತ್ತಾಳೆ. ಕೊಡದಿದ್ದರೆ ಆ ಬೀದಿಯಲ್ಲಿ ಅವಳ ವ್ಯಾಪಾರ ಮುಗಿಯಿತು. ಸಾಮಾಜಿಕ ಜಾಲತಾಣದಲ್ಲಿ ಮಾರುವುದರಿಂದಲೇ ಮೋಸ ಬರುವುದಿಲ್ಲ ಎಂಬುದಕ್ಕೆ ಈ ಹೆಂಗಸರೇ ಸಾಕ್ಷಿ. ಕಾನೂನು ಕೇಳುವುದನ್ನೆಲ್ಲ ಅವರು ಯಾರೂ ಹೇಳದೆಯೇ ಮಾಡುತ್ತಿದ್ದಾರೆ. ಲಕ್ಷಗಟ್ಟಲೆ ಫಾಲೋವರ್ಸ್ ಇರುವ ದೊಡ್ಡ ಪೇಜಿಗೆ ಅದು ಹೊರೆಯಾಗುತ್ತದೆ ಎಂದರೆ ನಾನು ಒಪ್ಪುವುದಿಲ್ಲ.

ಬಂಗಾರಪೇಟೆಯ ಪಾನಿಪುರಿಯೂ ಯಾವ ನಟನ ಹಂಗಿಲ್ಲದೆ ಹೆಸರು ಮಾಡಿತು. ಬಣ್ಣವಿಲ್ಲದ ತಿಳಿನೀರು, ಬಾಯಿಗಿಟ್ಟರೆ ಸುರ್ರೆನ್ನುವ ಖಾರ. ತಿಂದವರು ಇನ್ನೊಬ್ಬರನ್ನು ಕರೆತಂದರು. ಇವತ್ತು ಬೆಂಗಳೂರಿನ ಬಡಾವಣೆಗಳಲ್ಲಿ ಬಂಗಾರಪೇಟೆ ಚಾಟ್ಸ್ ಎಂಬ ಬೋರ್ಡುಗಳಿವೆ. ಅವೆಲ್ಲವೂ ಆ ಊರಿನವರದ್ದೇನಲ್ಲ. ಹೆಸರು ದೊಡ್ಡದಾದ ಕೂಡಲೇ ಅದನ್ನು ಎರವಲು ಪಡೆಯುವವರು ಹುಟ್ಟುತ್ತಾರೆ. ಆದರೆ ಅಲ್ಲಿ ಅಪಾಯ ಸಣ್ಣದು, ರುಚಿ ಸರಿಯಿಲ್ಲದಿದ್ದರೆ ಒಂದು ಪ್ಲೇಟಿನ ದುಡ್ಡು ಹೋಗುತ್ತದೆ, ನಾಲಗೆಯೇ ಅಲ್ಲೇ ತೀರ್ಪು ಕೊಡುತ್ತದೆ. ಚಿನ್ನದಲ್ಲಿ, ಸ್ಕೀಮ್‌ನಲ್ಲಿ, ರೇಷ್ಮೆಯಲ್ಲಿ ಕೊಂಡ ದಿನ ತಪ್ಪು ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ವರ್ಷವಾಗಿರುತ್ತದೆ. ಅಂಥ ಕಡೆ ಗ್ರಾಹಕನ ಜಾಣತನಕ್ಕೇ ಎಲ್ಲವನ್ನೂ ಬಿಟ್ಟುಬಿಡುವುದು ಅನ್ಯಾಯ. ದಿನವಿಡೀ ದುಡಿದು ಬಂದವರು ಪ್ರತಿಯೊಂದು ಸಾಲಿನ ಸಣ್ಣಕ್ಷರ ಓದಲಿ ಎಂದು ಹೇಳುವುದು ಅಂಗಡಿಯ ಹೊಣೆಯನ್ನು ಅವರ ತಲೆಗೆ ಕಟ್ಟಿದಂತೆ.

ಹಾಗಾಗಿ ನಾನು ಕೇಳುವುದು ಬಹಳ ಕಡಿಮೆ. ರೀಲ್ಸ್ ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ, ಮೊದಲ ಮಾತಾಗಿ, ಇದು ಜಾಹೀರಾತು ಎಂದು ಹೇಳಲಿ. ಬೆಲೆಯನ್ನು ಚಿತ್ರದ ಮೇಲೇ ಬರೆಯಲಿ. ಮಾರಿದ ಸರಕಿನ ದೂರನ್ನು ಅಳಿಸುವುದನ್ನೂ ಸುಳ್ಳು ವಿಮರ್ಶೆಯಷ್ಟೇ ದೊಡ್ಡ ತಪ್ಪೆಂದು ನಿಯಮ ಹೇಳಲಿ. ಮತ್ತು ಚಿನ್ನದ ಅಂಗಡಿಯವರು ಇವತ್ತಿನ ದರ ಬರೆಯುವ ಬೋರ್ಡಿನಲ್ಲೇ ವೇಸ್ಟೇಜ್ ಎಷ್ಟೆಂದೂ ಬರೆಯಲಿ. ಡಿಸೈನಿಗೊಂದು ವೇಸ್ಟೇಜ್, ಬೋರ್ಡಿನಲ್ಲಿ ಬರೆಯುವುದು ಹೇಗೆ ಎಂದು ಅವರು ಕೇಳುತ್ತಾರೆ. ಹಾಗಾದರೆ ಒಡವೆಗೆ ಕಟ್ಟಿದ ಚೀಟಿಯಲ್ಲಿ ಬರೆಯಲಿ. ಒಂದೊಂದು ಒಡವೆಗೂ ಪ್ರತ್ಯೇಕವಾಗಿ ಆರು ಅಕ್ಷರದ ಗುರುತು ಕೆತ್ತಿಸಲು ಸಾಧ್ಯವಾಗಿದೆ. ಅದೇ ಒಡವೆಯ ಚೀಟಿಯಲ್ಲಿ ಇನ್ನೊಂದು ಅಂಕಿ ಬರೆಯಲು ಅವರಿಗೆ ಯಾವ ಅಡ್ಡಿಯೂ ಇಲ್ಲ.